ಮೇಲುಕೋಟೆಯ ಕೊಳಗಳ ಜಾಡಿನಲ್ಲಿ ಒಂದು ದಿನದ ನಡಿಗೆ

ಮೇಲುಕೋಟೆಗೆ ಹೋಗುವವರಲ್ಲಿ ಹೆಚ್ಚಿನವರು ಚೆಲುವನಾರಾಯಣನ ದರ್ಶನ ಮಾಡಿ, ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದು, ಪುಳಿಯೋಗರೆ ಕಟ್ಟಿಸಿಕೊಂಡು ಮಧ್ಯಾಹ್ನದೊಳಗೆ ಹಿಂದಿರುಗುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೆ. ಕಳೆದ ಡಿಸೆಂಬರಿನಲ್ಲಿ ಸೋದರಮಾವನವರೊಂದಿಗೆ ಇಡೀ ದಿನವನ್ನು ಅಲ್ಲಿನ ಕೊಳಗಳನ್ನು ನೋಡುತ್ತ ನಡೆಯುವುದಕ್ಕೇ ಮೀಸಲಿಟ್ಟೆ. ಬೋಳುಬಂಡೆಗಳ ಮೇಲೆ ಬಿದ್ದ ಮಳೆಯನ್ನು ಹರಿದುಹೋಗಲು ಬಿಡದೆ, ಕಲ್ಲು ಕಡಿದು ಕಟ್ಟಿದ ಕೊಳಗಳಲ್ಲಿ ಹಿಡಿದಿಟ್ಟುಕೊಂಡೇ ಈ ಬೆಟ್ಟದೂರು ಬದುಕಿದೆ ಎಂಬುದು ನನಗೆ ಅಂದು ಮನದಟ್ಟಾಯಿತು.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿ.ಮೀ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮಾರ್ಗವಾಗಿ ಹೋಗಬೇಕು. ನೇರ ಬಸ್ಸು ತಪ್ಪಿದರೆ ಜಕ್ಕನಹಳ್ಳಿಯವರೆಗೆ ಹೋಗಿ ಅಲ್ಲಿ ಬದಲಾಯಿಸಬಹುದು. ಮಳೆಗಾಲ ಮುಗಿದ ಅಕ್ಟೋಬರಿನಿಂದ ಜನವರಿಯವರೆಗಿನ ದಿನಗಳೇ ನಡಿಗೆಗೆ ಸೂಕ್ತ. ಆಗ ಕೊಳಗಳಲ್ಲಿ ನೀರೂ ಇರುತ್ತದೆ, ಬಂಡೆಯೂ ಸುಡುವುದಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವ ಕಣ್ತುಂಬಿಕೊಳ್ಳಬೇಕಾದದ್ದೇ ಆದರೂ, ಆ ಜನಸಂದಣಿಯಲ್ಲಿ ಕೊಳಗಳ ಸುತ್ತ ನಡೆಯುವ ಯೋಚನೆಯನ್ನು ಬಿಡುವುದು ಒಳ್ಳೆಯದು.

ನಾವು ಬೆಳಿಗ್ಗೆ ಏಳಕ್ಕೆ ಕಲ್ಯಾಣಿಯಿಂದ ಹೊರಟೆವು. ನಾಲ್ಕೂ ಕಡೆ ಮೆಟ್ಟಿಲು, ದಡದುದ್ದಕ್ಕೂ ಕಲ್ಲಿನ ಮಂಟಪಗಳು. ಆ ಹೊತ್ತಿನಲ್ಲಿ ಜನರಿಲ್ಲದ್ದರಿಂದ ಕಂಬಗಳ ನೆರಳು ಹಸಿರು ನೀರಿನಲ್ಲಿ ಅಲುಗದೆ ನಿಂತಿತ್ತು. ನೀರಿಗೆ ತೀರ ಹತ್ತಿರದ ಮೆಟ್ಟಿಲಿಗೆ ನಾನು ಕಾಲಿಡುವಷ್ಟರಲ್ಲಿ, ತುಳಸಿಮಾಲೆ ಕಟ್ಟುತ್ತಿದ್ದ ಅಜ್ಜಿಯೊಬ್ಬರು, "ಅಲ್ಲಿಗ್ ಇಳೀಬ್ಯಾಡಿ ಕಣಪ್ಪ, ಪಾಚಿ ಕಟ್ಟೈತೆ" ಎಂದು ಕೂಗಿ ಹೇಳಿದರು. ಬಗ್ಗಿ ನೋಡಿದರೆ, ಒಣಗಿದಂತೆ ಕಾಣುತ್ತಿದ್ದ ಕಲ್ಲಿನ ಮೇಲೆ ಎಣ್ಣೆ ಸವರಿದಂತಹ ತೆಳುವಾದ ಪದರವಿತ್ತು. ಮಕ್ಕಳನ್ನು ಕರೆದೊಯ್ಯುವವರು ಮೇಲಿನ ಮೆಟ್ಟಿಲುಗಳಲ್ಲೇ ನಿಲ್ಲಬೇಕು.

ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳು ಅಲ್ಲಿಂದ ಹತ್ತಿರ. ಏರು ಕಡಿದಾಗಿದ್ದರೂ ಉದ್ದವಿಲ್ಲ. ಅರವತ್ತು ದಾಟಿದ, ಮಂಡಿನೋವಿರುವ ಮಾವನವರು ನಡುನಡುವೆ ಕುಳಿತು ಮುಕ್ಕಾಲು ಗಂಟೆಯಲ್ಲಿ ಮೇಲೆ ತಲುಪಿದರು. ಹಿಂದೊಮ್ಮೆ ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಬರಿಗಾಲಿನಲ್ಲಿ ಹತ್ತಿ, ಅಂಗಾಲಿನಲ್ಲಿ ಬೊಬ್ಬೆ ಎದ್ದು ನಾನು ಎರಡು ದಿನ ಕುಂಟಿದ್ದೆ. ಆದ್ದರಿಂದ ಬಿಸಿಲೇರುವ ಮುನ್ನವೇ ಈ ಬೆಟ್ಟವನ್ನು ಮುಗಿಸಿಕೊಳ್ಳಿ. ದೇವಸ್ಥಾನದ ಬಾಗಿಲು ತಡವಾಗಿ ತೆರೆದರೂ ಮೇಲಿನ ನೋಟಕ್ಕೇನೂ ಕೊರತೆಯಿಲ್ಲ. ಕೋತಿಗಳ ಕಾಟ ಇರುವುದರಿಂದ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಕೈಯಲ್ಲಿರಬಾರದು. ತುದಿಯಿಂದ ಕೆಳಗೆ ನೋಡಿದಾಗ, ಕೆಂಪು ಹೆಂಚಿನ ಮನೆಗಳ ನಡುವೆ ಕಲ್ಯಾಣಿ ಹಸಿರು ಚೌಕವಾಗಿ ಕಾಣುತ್ತದೆ. ಊರು ಈ ನೀರಿಗೆ ಒರಗಿಕೊಂಡೇ ಬೆಳೆದ ಬಗೆ ಅಲ್ಲಿಂದ ನೋಡಿದರಷ್ಟೇ ತಿಳಿಯುತ್ತದೆ.

ಇಳಿದು ತಿಂಡಿ ಮುಗಿಸಿ, ಪೂರ್ಣಗೊಳ್ಳದೆ ಎತ್ತರದ ಕಂಬಗಳಷ್ಟೇ ನಿಂತಿರುವ ರಾಯಗೋಪುರವನ್ನು ನೋಡಿಕೊಂಡು ಅಕ್ಕತಂಗಿ ಕೊಳಕ್ಕೆ ಹೋದೆವು. ಪಕ್ಕಪಕ್ಕದಲ್ಲೇ ಇರುವ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದ್ದು ಅಲ್ಲ ಎಂಬುದು ಊರಿನವರ ಮಾತು; ಕಟ್ಟಿಸಿದ ಅಕ್ಕತಂಗಿಯರ ಮನಸ್ಸಿನಂತೆಯೇ ನೀರು ಎಂದು ಕತೆಯೂ ಇದೆ. ನೀವು ಮಾತ್ರ ತಲಾ ಎರಡು ಲೀಟರ್ ನೀರನ್ನು ಜೊತೆಯಲ್ಲೇ ಒಯ್ಯಿರಿ.

ಮುಂದಿನದು ಧನುಷ್ಕೋಟಿ. ಸೀತೆಯ ಬಾಯಾರಿಕೆ ತಣಿಸಲು ರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ಬರಿಸಿದ ಜಾಗವೆಂದು ಹೇಳುತ್ತಾರೆ. ಕಾರ್ತಿಕದ ಅಷ್ಟತೀರ್ಥೋತ್ಸವದಲ್ಲಿ ಕಲ್ಯಾಣಿಯಿಂದ ಮೊದಲುಗೊಂಡು ಧನುಷ್ಕೋಟಿ, ಯಾದವತೀರ್ಥ, ಪದ್ಮತೀರ್ಥ ಮುಂತಾದವನ್ನು ಹಾದು ತೊಟ್ಟಿಲಮಡುವಿನವರೆಗೆ ಬೆಟ್ಟದ ಸುತ್ತ ನಡೆಯುವ ಪದ್ಧತಿಯಿದೆ, ಮಕ್ಕಳ ಭಾಗ್ಯ ಬೇಡುವ ದಂಪತಿಗಳು ಅಂದು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ನನ್ನ ಮಟ್ಟಿಗೆ ಮೇಲುಕೋಟೆಯನ್ನು ನಡೆದು ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಉತ್ಸವದ ದಿನದಂತೆ ಬೇರೆ ದಿನಗಳಲ್ಲಿ ಜನರ ಹೆಜ್ಜೆಯನ್ನು ಹಿಂಬಾಲಿಸಲಾಗದು, ಕವಲುದಾರಿಗಳೂ ಗೊಂದಲ ಹುಟ್ಟಿಸುತ್ತವೆ. ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಎಂಟನ್ನೂ ಮುಗಿಸುವ ಹಟ ಬೇಡ. ಮಾವನವರ ಮಂಡಿಯನ್ನು ಗಮನಿಸಿ ನಾವು ಧನುಷ್ಕೋಟಿಯಿಂದಲೇ ಹಿಂದಿರುಗಿದೆವು. ಸುತ್ತಲಿನ ಕಾಡಿನ ಭಾಗಗಳು ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿಧಾಮಕ್ಕೆ ಸೇರಿವೆ. ಅನುಮತಿಯಿಲ್ಲದೆ ಪೊದೆಗಳೊಳಗೆ ನುಗ್ಗಬಾರದು, ಬೀಡಿ ಸಿಗರೇಟಿನ ತುಂಡು ಎಸೆಯಲೇಬಾರದು.

ಒಂದು ಸಣ್ಣ ಕೊಳದ ದಂಡೆಯಲ್ಲಿ ಶಾಂಪೂ ಪೊಟ್ಟಣಗಳ ರಾಶಿ ಕಂಡು ನನಗೆ ಬಹಳ ನೋವಾಯಿತು. ಬೆಟ್ಟದ ಕೊಳಕ್ಕೆ ಬಂದುಬೀಳುವುದು ಮಳೆನೀರು ಮಾತ್ರ. ಒಳಗೆ ಸೇರಿದ ಸೋಪಿನ ನೊರೆ ಮುಂದಿನ ಮಳೆಯವರೆಗೂ ಅಲ್ಲೇ ಉಳಿಯುತ್ತದೆ. ಅಂಗೈ ತೊಳೆಯುವುದಿದ್ದರೂ ಬಾಟಲಿಯ ನೀರಿನಿಂದ ದಂಡೆಯಾಚೆ ತೊಳೆಯಿರಿ.

ಚೆಲುವನಾರಾಯಣನ ದೇವಸ್ಥಾನವನ್ನು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವುದರಿಂದ ದರ್ಶನವನ್ನು ನಡಿಗೆಯ ಕೊನೆಗೆ ಇಟ್ಟುಕೊಳ್ಳಬಹುದು. ನಾವು ಹಾಗೆಯೇ ಮಾಡಿದೆವು. ಹಿಂದಿರುಗುವ ಕೊನೆಯ ಬಸ್ಸು ಯಾವುದೆಂದು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರರನ್ನು ಕೇಳಿಕೊಂಡಿರಿ.