ಅಮ್ಮನ ಸೀರೆ, ಮೇಲುಕೋಟೆಯ ಬೆಳಕು

ನಾಳೆ ಮೇಲುಕೋಟೆಯಲ್ಲಿ ನಮ್ಮ ನಿಶ್ಚಿತಾರ್ಥದ ಫೋಟೋಶೂಟ್. ಎಳೆಬಿಸಿಲು ರಾಯಗೋಪುರದ ಕಂಬಗಳ ಮೇಲೆ ಬೀಳುವ ಹೊತ್ತಿಗೆ ಅಲ್ಲಿರಬೇಕು. ಅದಕ್ಕೇ ಮೈಸೂರಿನಿಂದ ಬೆಳಗ್ಗೆ 4 ಗಂಟೆಗೇ ಹೊರಡ್ತೀವಿ.

ಎರಡು ವಾರದಿಂದ ಗೌನು ನೋಡಿ ನೋಡಿ ಸಾಕಾಗಿತ್ತು. ಇವತ್ತು ಅಮ್ಮ ಬೀರುವಿನಿಂದ ತನ್ನ ಮೈಸೂರು ಸಿಲ್ಕ್ ತೆಗೆದುಕೊಟ್ಟಳು. ಗಿಳಿಹಸಿರು. ಬಿಚ್ಚಿದರೆ ನುಸಿಗುಳಿಗೆ ವಾಸನೆ. ಮಡಿಸಿದ ಗೆರೆಯಲ್ಲಿ ಬಣ್ಣ ಸ್ವಲ್ಪ ಮಾಸಿದೆ, ಜರಿ ಮಾತ್ರ ಇನ್ನೂ ಹೊಳೀತಿದೆ. ಅವಳ ನಿಶ್ಚಿತಾರ್ಥದ ಫೋಟೋ ಮನೆಯಲ್ಲಿರೋದು ಒಂದೇ. ಹತ್ತು ಜನರ ನಡುವೆ ಕೂತಿದ್ದಾಳೆ, ಸೀರೆಯ ಅಂಚಷ್ಟೇ ಕಾಣುತ್ತೆ. ಎಷ್ಟು ಆಸೆಯಿಂದ ಉಟ್ಟಿರ್ತಾಳೆ ಅಲ್ವಾ? ನಾಳೆ ಸೆರಗನ್ನು ಪೂರ್ತಿ ಹರಡಿ ನಿಲ್ತೀನಿ.

ಅವನಿಗೆ ಫೋನ್ ಮಾಡಿ ಹೇಳಿದೆ. ಹಾಗಾದ್ರೆ ಕೋಟು ಬೇಡ, ಪಂಚೆ ಉಡ್ತೀನಿ ಅಂದ.

ಅಮ್ಮ ಈಗ ಸೀರೆ ಮೇಲೆ ಹತ್ತಿ ಬಟ್ಟೆ ಹಾಸಿ, ಹಗುರವಾಗಿ ಇಸ್ತ್ರಿ ಮಾಡ್ತಿದ್ದಾಳೆ.