ಎಲ್ಬಸಾನ್: ಕ್ರಿಸ್ತೊಫೊರಿಧಿ ಹುಟ್ಟಿದ ಊರಲ್ಲಿ ಒಂದು ದಿನ

ಅಲ್ಬೇನಿಯಾಗೆ ಹೋಗೋರು ಜಾಸ್ತಿ ಬೀಚ್ ಕಡೆನೇ ಹೋಗ್ತಾರೆ, ಎಲ್ಬಸಾನ್‌ನಲ್ಲಿ ಇಳಿಯೋರು ಕಮ್ಮಿ. ನಾವು ಇಳಿದಿದ್ದು ಒಬ್ಬರಿಗೋಸ್ಕರ, ಕೊಸ್ತಾಂದಿನ್ ಕ್ರಿಸ್ತೊಫೊರಿಧಿ. ಅಲ್ಬೇನಿಯನ್ ಭಾಷೆಗೆ ವ್ಯಾಕರಣ, ನಿಘಂಟು, ಬೈಬಲ್ ಅನುವಾದ ಎಲ್ಲಾ ಮಾಡಿಟ್ಟು ಹೋದ ಪುಣ್ಯಾತ್ಮ, ಹುಟ್ಟಿದ್ದೂ ತೀರ್ಕೊಂಡಿದ್ದೂ ಇದೇ ಊರಲ್ಲಿ.

ಟಿರಾನಾದಿಂದ ವ್ಯಾನ್ ಸಿಗತ್ತೆ, ಅಲ್ಲಿ ಅದಕ್ಕೆ ಫುರ್ಗೊನ್ ಅಂತಾರೆ, ಸೀಟ್ ತುಂಬಿದ ಮೇಲೇನೇ ಹೊರಡೋದು. ಊರು ಹತ್ರ ಬಂದಂಗೆ ಚೀನಾದವರ ಸಹಾಯದಿಂದ ಕಟ್ಟಿದ ಹಳೇ ಉಕ್ಕಿನ ಕಾರ್ಖಾನೆ ಕಾಣತ್ತೆ, ಅದನ್ನ ನೋಡಿ ಊರಿನ ಬಗ್ಗೆ ಬೇಜಾರು ಮಾಡ್ಕೋಬೇಡಿ, ಒಳಗಡೆ ಕೋಟೆ ಇದೆ. 1466ರಲ್ಲಿ ಒಟ್ಟೋಮನ್ ತುರ್ಕರ ಸುಲ್ತಾನ್ ಎರಡನೇ ಮೆಹ್ಮದ್ ಹಳೇ ರೋಮನ್ ಊರಿನ ಮೇಲೇ ಕಟ್ಟಿಸಿದ್ದು. ಈಗ್ಲೂ ಜನ ಅದರೊಳಗೇ ಸಂಸಾರ ಮಾಡ್ತಾರೆ, ಕಲ್ಲು ಹಾಸಿದ ಸಣ್ಣ ಸಣ್ಣ ಓಣಿ, ಸುಣ್ಣ ಬಳಿದ ಕಾಂಪೌಂಡ್ ಗೋಡೆ, ಅದರ ಮೇಲಿಂದ ಇಣುಕೋ ದ್ರಾಕ್ಷಿ ಬಳ್ಳಿ, ಸ್ವಲ್ಪ ನಡೆದ್ರೆ ಮಸೀದಿ, ಇನ್ನೂ ಸ್ವಲ್ಪ ನಡೆದ್ರೆ ಮೇರಿಯಮ್ಮನ ಆರ್ಥೊಡಾಕ್ಸ್ ಚರ್ಚು.

ಹತ್ತೊಂಬತ್ತನೇ ಶತಮಾನದಲ್ಲಿ, ಇನ್ನೂ ಒಟ್ಟೋಮನ್ನರ ಆಳ್ವಿಕೆ ಇದ್ದಾಗ, ಆರ್ಥೊಡಾಕ್ಸ್ ಮನೆ ಮಕ್ಕಳು ಗ್ರೀಕ್ ಸ್ಕೂಲಿಗೆ, ಮುಸ್ಲಿಂ ಮಕ್ಕಳು ತುರ್ಕಿ ಕಲಿಯೋಕೆ, ಮನೇಲಿ ಆಡೋ ಮಾತಿಗೆ ಮಾತ್ರ ಸ್ಕೂಲೇ ಇಲ್ಲ. ಕ್ರಿಸ್ತೊಫೊರಿಧಿನೂ ಯಾನಿನಾದ (ಈಗ ಗ್ರೀಸ್‌ನಲ್ಲಿದೆ) ಗ್ರೀಕ್ ಶಾಲೆಗೇ ಹೋದ್ರು. ಅಲ್ಲಿ ಆಸ್ಟ್ರಿಯಾದ ವೈಸ್ ಕಾನ್ಸುಲ್ ಯೋಹಾನ್ ಗಿಯೋರ್ಗ್ ಫಾನ್ ಹಾನ್ ಸಿಕ್ಕಿದ್ರು, ಅಲ್ಬೇನಿಯನ್ ಬಗ್ಗೆ ಆಳವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರು, 1854ರಲ್ಲಿ ಅವರ ದೊಡ್ಡ ಗ್ರಂಥ ಬಂತು. ಅವರಿಗೆ ಭಾಷೆ ಕಲಿಸಿ, ಪದ ಒಟ್ಟು ಮಾಡೋಕೆ ಕೈಜೋಡಿಸಿದ್ದು ಈ ಎಲ್ಬಸಾನ್ ಹುಡುಗ. ಆಮೇಲೆ ಇಸ್ತಾಂಬುಲ್, ಮಾಲ್ಟಾ ಸುತ್ತಿ ಟ್ಯುನಿಸ್‌ನಲ್ಲಿ ಮೇಷ್ಟ್ರ ಕೆಲಸ, ಜೊತೆಗೆ ಬ್ರಿಟಿಷ್ ಬೈಬಲ್ ಸೊಸೈಟಿಗೆ ಅನುವಾದ.

ಕೋಟೆಯಿಂದ ದಕ್ಷಿಣಕ್ಕೆ ಶ್ಕುಂಬಿನ್ ನದಿ ಕಡೆ ಹೋದ್ವಿ. ಅಗಲವಾದ ಪಾತ್ರ, ಎಲ್ಲಿ ನೋಡಿದ್ರೂ ಬಿಳಿ ಉರುಟುಗಲ್ಲು, ನೀರು ಮಧ್ಯದಲ್ಲಿ ಎರಡ್ಮೂರು ಕವಲಾಗಿ ಹರೀತಿತ್ತು. ಅಲ್ಬೇನಿಯನ್‌ನ ಎರಡು ಮುಖ್ಯ ಉಪಭಾಷೆಗಳಿಗೆ ಹೆಚ್ಚುಕಮ್ಮಿ ಈ ನದಿನೇ ಗಡಿ, ಉತ್ತರಕ್ಕೆ ಗೆಗ್, ದಕ್ಷಿಣಕ್ಕೆ ಟೋಸ್ಕ್. ಇಲ್ಲಿ ನಿಂತಾಗ್ಲೇ ನಂಗೆ ಅವರ ಕೆಲಸ ಸರಿಯಾಗಿ ಅರ್ಥ ಆಗಿದ್ದು. ಒಂದನ್ನ ಆರಿಸ್ಕೊಂಡು ಇನ್ನೊಂದನ್ನ ಬಿಟ್ಬಿಟ್ಟಿದ್ರೆ ಎಷ್ಟು ಸುಲಭ ಇತ್ತು, ಅವರು ಬಿಡ್ಲಿಲ್ಲ, ಹೊಸ ಒಡಂಬಡಿಕೆನ ಎರಡು ಸಲ ಅನುವಾದ ಮಾಡಿದ್ರು, ಗೆಗ್‌ನದು 1872ರಲ್ಲಿ ಲ್ಯಾಟಿನ್ ಲಿಪೀಲಿ, ಟೋಸ್ಕ್‌ನದು 1879ರಲ್ಲಿ ಗ್ರೀಕ್ ಲಿಪೀಲಿ, ಯಾಕಂದ್ರೆ ಆಯಾ ಕಡೆ ಜನ ಓದಬೇಕಲ್ವಾ, ಅವರಿಗೆ ಯಾವ ಅಕ್ಷರ ಪರಿಚಯಾನೋ ಅದರಲ್ಲೇ ಕೊಡಬೇಕು. ಇಡೀ ದೇಶಕ್ಕೆ ಒಂದೇ ವರ್ಣಮಾಲೆ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಕೂತು ಇಷ್ಟು ಮಾಡಿದ್ದು ನಂಗೆ ದೊಡ್ಡ ವಿಷ್ಯ ಅನ್ಸತ್ತೆ.

ವ್ಯಾಕರಣ 1882ರಲ್ಲಿ ಬಂತು. ಜೀವಮಾನವಿಡೀ ಪದ ಕೂಡಿಸಿದ ನಿಘಂಟು ಮಾತ್ರ ಅವರ ಕಣ್ಣಿಗೆ ಬೀಳ್ಲೇ ಇಲ್ಲ, ಇದು ತುಂಬಾ ಸಂಕಟ ಆಗತ್ತೆ. ಅವರು ಹೋಗಿದ್ದು 1895ರಲ್ಲಿ, ಪುಸ್ತಕ ಅಥೆನ್ಸ್‌ನಲ್ಲಿ ಅಚ್ಚಾಗಿದ್ದು 1904ರಲ್ಲಿ. 1908ರಲ್ಲಿ ಅಲ್ಬೇನಿಯನ್‌ಗೆ ವರ್ಣಮಾಲೆ ಆರಿಸೋಕೆ ಮೊನಾಸ್ತಿರ್ ಊರಲ್ಲಿ ಸೇರಿದ ಸಭೇಲಿ ಲ್ಯಾಟಿನ್ ಅಕ್ಷರ ಗಟ್ಟಿಯಾಯ್ತು, ಮರುವರ್ಷವೇ ಎಲ್ಬಸಾನ್‌ನಲ್ಲಿ ಅಲ್ಬೇನಿಯನ್ ಮೇಷ್ಟ್ರುಗಳನ್ನ ತಯಾರು ಮಾಡೋ ಶಾಲೆ ಶುರುವಾಯ್ತು. 1961ರಲ್ಲಿ, ಗ್ರೀಕ್ ಅಕ್ಷರದಲ್ಲಿದ್ದ ಕ್ರಿಸ್ತೊಫೊರಿಧಿ ನಿಘಂಟನ್ನ ಈ ಲ್ಯಾಟಿನ್ ಅಕ್ಷರಕ್ಕೆ ತಂದವರು ಅಲೆಕ್ಸಾಂದರ್ ಜುವಾನಿ, ಅವರೂ ಇದೇ ಊರಿನವರು, ಇಲ್ಲಿನ ಯೂನಿವರ್ಸಿಟಿಗೆ ಅವರದ್ದೇ ಹೆಸರು.

ಸಂಜೆ ಬಲೊಕುಮೆ ತಿಂದ್ವಿ, ಮೆಕ್ಕೆಜೋಳದ ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಹಾಕಿ ಮಾಡೋ ದಪ್ಪ ಬಿಸ್ಕತ್ತು, ಬಾಯಲ್ಲಿಟ್ರೆ ಪುಡಿಪುಡಿ. ಮಾರ್ಚ್ 14ರ ಬೇಸಿಗೆ ಹಬ್ಬಕ್ಕೆ ಊರೆಲ್ಲಾ ಇದನ್ನೇ ಮಾಡ್ತಾರೆ, ಆಗುತ್ತೆ ಅಂದ್ರೆ ಆ ಟೈಮಿಗೇ ಹೋಗಿ. ಟಿರಾನಾದಿಂದ ಓಹ್ರಿದ್ ಸರೋವರಕ್ಕೆ ಹೋಗೋರಿಗೆ ದಾರೀಲೇ ಸಿಗತ್ತೆ, ಕೋಟೆಗೂ ನದಿಗೂ ಸೇರಿ ಅರ್ಧ ದಿನ ಆದ್ರೂ ಇಟ್ಕೊಳ್ಳಿ.