ಕಾರುಗಳು ಬಿಟ್ಟುಹೋದ ದಾರಿಯಲ್ಲಿ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಸೈಕಲ್ ಹತ್ತುವ ಮೊದಲು ಸುರಂಗಗಳ ಲೆಕ್ಕ ಹಾಕಬೇಕು. ಈ ದೇಶದಲ್ಲಿ 1200ಕ್ಕೂ ಹೆಚ್ಚು ರಸ್ತೆ ಸುರಂಗಗಳಿವೆ. ಲಾರ್ಡಾಲ್ ಸುರಂಗ ಒಂದೇ 24.5 ಕಿ.ಮೀ. ಉದ್ದ. ಅಂಥ ಕಡೆ ಸೈಕಲ್ ಬಿಡುವುದಿಲ್ಲ. ಕೆಲವು ಸಣ್ಣ ಸುರಂಗಗಳಲ್ಲಿ ಬಿಡುತ್ತಾರೆ. ಆದರೆ ಒಳಗಿರುವಾಗ ಹಿಂದಿನಿಂದ ಒಂದೇ ಒಂದು ಲಾರಿ ಬಂದರೂ ಸಾಕು, ಆ ಸದ್ದಿಗೆ ಎದೆ ನಡುಗುತ್ತದೆ.

ಹಾಗಾಗಿ ನಕ್ಷೆ ಬಿಡಿಸಿದಾಗ ನಾನು ಮೊದಲು ಹುಡುಕುವುದು ಹಳೆಯ ರಸ್ತೆಗಳನ್ನು. ಬೆಟ್ಟ ಕೊರೆದು ಹೊಸ ದಾರಿ ಮಾಡಿದ ಮೇಲೆ ಕಾರು, ಲಾರಿಗಳು ಬಿಟ್ಟುಹೋದ ರಸ್ತೆಗಳವು. ಫಿಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ತೋಳು. ಆ ಸೀಮೆಯಲ್ಲಿ ಸೈಕಲ್‌ನವರಿಗೆ ಇವುಗಳಿಗಿಂತ ಒಳ್ಳೆಯ ದಾರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಆಗಸ್ಟ್ ಕೊನೆಯ ಒಂದು ಶನಿವಾರ ಹಾರ್ಡಾಂಗರ್ ಎಂಬ ಫಿಯೋರ್ಡ್ ಸೀಮೆಯಲ್ಲಿ ಸುತ್ತಿದ ಮೇಲೆ ಆ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು.

ಕೆಲಸದ ಸಲುವಾಗಿ ನಾನು ಬರ್ಗನ್ ನಗರದಲ್ಲಿದ್ದೇನೆ. ಅವತ್ತು ಜೊತೆಗೆ ಬಂದವನು ಇಲ್ಲಿ ಓದುತ್ತಿರುವ ಸಾಗರದ ಹುಡುಗ. ಬರ್ಗನ್‌ನಿಂದ ವೊಸ್ ಊರಿಗೆ ಹೋಗುವ ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಸುರಂಗ. ಅದು ಸೈಕಲ್‌ಗೆ ತಕ್ಕ ದಾರಿಯಲ್ಲ. ಸೈಕಲ್‌ಗಳಿಗೂ ಟಿಕೆಟ್ ತೆಗೆದುಕೊಂಡು ಬೆಳಗಿನ ರೈಲು ಹತ್ತಿದೆವು. ವೊಸ್‌ನಲ್ಲಿ ಇಳಿದಾಗ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಬರ್ಗನ್ ಜನರ ಲೆಕ್ಕದಲ್ಲಿ ಅದು ಒಳ್ಳೆಯ ಹವೆ.

ವೊಸ್‌ನಿಂದ ಗ್ರಾನ್ವಿನ್ ಕಡೆ ಹೋಗುವಾಗ ನೆಲ ಇದ್ದಕ್ಕಿದ್ದ ಹಾಗೆ ಕೆಳಗೆ ಕುಸಿಯುತ್ತದೆ. ಆ ಜಾಗಕ್ಕೆ ಶೆರ್ವೆಟ್ ಅಂತ ಹೆಸರು. ಈಗ ಅಲ್ಲಿ ಸುರಂಗ ಬಂದಿದೆ, ಗಾಡಿಗಳೆಲ್ಲ ಅದರೊಳಗೆ ಹೋಗುತ್ತವೆ. ಹಳೆಯ ರಸ್ತೆ ಮಾತ್ರ ಜಲಪಾತದ ಪಕ್ಕದಲ್ಲೇ ಸುತ್ತಿ ಸುತ್ತಿ ಇಳಿಯುತ್ತದೆ. "ಅಕ್ಕಾ, ಇದು ನಮ್ಮ ಆಗುಂಬೆ ಘಾಟಿ ಥರಾನೇ ಇದೆ, ಬಸ್ಸು ಮಾತ್ರ ಇಲ್ಲ" ಅಂದ ಹುಡುಗ. ನಿಜ, ತಿರುವಿನಲ್ಲಿ ಎದುರಿಗೆ ಏನು ಬರುತ್ತದೋ ಅನ್ನುವ ಭಯವೇ ಇರಲಿಲ್ಲ. ಆದರೂ ಕೈ ಬ್ರೇಕಿನ ಮೇಲೇ ಇತ್ತು. ಶೆರ್ವ್ಸ್‌ಫೊಸ್ಸೆನ್ ಜಲಪಾತದ ತುಂತುರು ಬಿದ್ದು ರಸ್ತೆ ಒದ್ದೆಯಾಗಿತ್ತು. ಇಂಥ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬಾರದು. ಬಿಟ್ಟು ಬಿಟ್ಟು ಒತ್ತಬೇಕು, ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ಅರ್ಧ ದಾರಿಯಲ್ಲಿ ನಿಂತು ನೀರು ನೋಡಿದೆವು. ಸುರಂಗದಲ್ಲಿ ಹೋದವರಿಗೆ ಇಲ್ಲೊಂದು ಜಲಪಾತ ಇದೆ ಅನ್ನೋದೇ ಗೊತ್ತಾಗಲ್ಲ.

ಗ್ರಾನ್ವಿನ್‌ನಿಂದ ಕ್ವಾಂಡಾಲ್ ದಕ್ಕೆಗೆ ಬೇಗ ತಲುಪಿದೆವು. ಅಲ್ಲಿಂದ ಊಟ್ನೆಗೆ ಫೆರ್ರಿ. ಸೈಕಲ್‌ಗಳನ್ನು ಕಾರುಗಳ ಪಕ್ಕ ಕಟ್ಟಿ ನಿಲ್ಲಿಸಿದೆವು, ಯಾರೂ ದುಡ್ಡು ಕೇಳಲಿಲ್ಲ. ಇಪ್ಪತ್ತು ನಿಮಿಷದ ದಾರಿ. ಮೇಲೆ ಕಾಫಿ ಕುಡಿಯುತ್ತ ನಿಂತರೆ ಹಾರ್ಡಾಂಗರ್ ಫಿಯೋರ್ಡ್ ಎಷ್ಟು ದೊಡ್ಡದು ಅಂತ ಅರಿವಾಗುತ್ತದೆ. ಸಮುದ್ರದಿಂದ ಒಳನಾಡಿಗೆ ಸುಮಾರು 180 ಕಿ.ಮೀ. ಚಾಚಿಕೊಂಡಿದೆ. ಕೆಲವು ಕಡೆ ಆಳ 800 ಮೀಟರ್‌ಗೂ ಜಾಸ್ತಿ. ಹಿಮಯುಗದ ಹಿಮನದಿಗಳು ಕೊರೆದ ಕಣಿವೆಗೆ ಆಮೇಲೆ ಸಮುದ್ರ ನುಗ್ಗಿತು. ಬೆಟ್ಟಗಳು ನೇರವಾಗಿ ನೀರಿಗೆ ಇಳಿದಿರುವುದು ಅದಕ್ಕೇ. ನೀರಿನಂಚಿಗೆ ಸಿಗುವುದು ಒಂದು ಸಣ್ಣ ಪಟ್ಟಿ ನೆಲ. ಅದರಲ್ಲೇ ಮನೆ, ಅದರಲ್ಲೇ ತೋಟ, ಅದರಲ್ಲೇ ರಸ್ತೆ.

ಊಟ್ನೆ ಸಣ್ಣ ಊರು. 1722ರಲ್ಲಿ ಶುರುವಾದ ಒಂದು ಹೋಟೆಲು ಇನ್ನೂ ಅಲ್ಲಿದೆ. ಅದರ ಮುಂದೆ ನಿಂತು ಬಾಟಲಿಗೆ ನೀರು ತುಂಬಿಸಿಕೊಂಡು ಹೊರಟೆವು. ಇಲ್ಲಿಂದ ಒಡ್ಡಾ ಊರಿನವರೆಗೆ ಹಾರ್ಡಾಂಗರ್ ಫಿಯೋರ್ಡ್‌ನ ಕವಲಾದ ಸೋರ್‌ಫಿಯೋರ್ಡ್‌ನ ಪಶ್ಚಿಮ ದಡದ ರಸ್ತೆ, ನಂಬರ್ 550. ಸುಮಾರು 45 ಕಿ.ಮೀ. ಈ ರಸ್ತೆಗಾಗಿಯೇ ನಾವು ಬಂದದ್ದು.

ಎದುರು ದಡದಲ್ಲಿ 13ನೇ ನಂಬರಿನ ಹೆದ್ದಾರಿ ಇದೆ. ಲಾರಿ, ಟೂರಿಸ್ಟ್ ಬಸ್ಸು, ಮನೆಯನ್ನೇ ಎಳೆದುಕೊಂಡು ಹೋಗುವ ಕ್ಯಾರವಾನ್‌ಗಳೆಲ್ಲ ಆ ಕಡೆ. ನಮ್ಮ ಕಡೆ ರಸ್ತೆ ಅಗಲ ಕಡಿಮೆ. ಬಹಳಷ್ಟು ಕಡೆ ಒಂದೇ ಕಾರು ಹಿಡಿಸುತ್ತದೆ. ಎದುರು ಬಂದವರಿಗೆ ದಾರಿ ಬಿಡಲು ಅಲ್ಲಲ್ಲಿ ರಸ್ತೆ ಸ್ವಲ್ಪ ಅಗಲವಾಗುತ್ತದೆ, ಅಲ್ಲಿ ನೀಲಿ ಬೋರ್ಡಿನ ಮೇಲೆ 'ಎಂ' ಅಕ್ಷರ. ಹಿಂದೆ ಕಾರು ಬಂದರೆ ನಾವು ಅಲ್ಲಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆವು. ಕಾರಿನವರು ಕೈ ಎತ್ತಿ ಹೋಗುತ್ತಿದ್ದರು. ಹಾರ್ನ್ ಒಂದೂ ಕೇಳಿಸಲಿಲ್ಲ.

ನೀರಿನ ಪಕ್ಕದ ರಸ್ತೆ ಅಂದರೆ ಸಮತಟ್ಟು ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಿರುವುದಿಲ್ಲ. ಬೆಟ್ಟದ ಮೂಗು ಬಂದಾಗಲೆಲ್ಲ ರಸ್ತೆ ಮೇಲೆ ಹತ್ತುತ್ತದೆ, ತೊರೆ ಬಂದಾಗ ಇಳಿಯುತ್ತದೆ. ಪ್ರತಿ ಏರೂ ಸಣ್ಣದೇ. ಆದರೆ ಅಂಥವು ಮುಗಿಯುವುದೇ ಇಲ್ಲ. ಇಲ್ಲಿಗೆ ಬರುವವರು ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಇರುವ ಸೈಕಲ್ ತರಬೇಕು. ಗಟ್ಟಿ ಗೇರ್‌ನಲ್ಲಿ ತುಳಿದರೆ ಮಧ್ಯಾಹ್ನದ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಹಗಲಲ್ಲೂ ಹಿಂದೆ ಮುಂದೆ ದೀಪ ಹಾಕಿರಬೇಕು. ಬೆಟ್ಟದ ನೆರಳು ಅಷ್ಟು ದಟ್ಟ.

ಗಾಳಿ ನಮಗೆ ಅನುಕೂಲವಾಗಿತ್ತು. ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು. ಬಿಸಿಲಿಗೆ ಒಳನಾಡಿನ ನೆಲ ಕಾದರೆ ಸಮುದ್ರದ ಕಡೆಯಿಂದ ಫಿಯೋರ್ಡ್‌ನೊಳಕ್ಕೆ ಗಾಳಿ ಬೀಸಲು ಶುರುವಾಗುತ್ತದೆ. ನಾವು ಒಳಕ್ಕೇ ಹೋಗುತ್ತಿದ್ದುದರಿಂದ ಬೆನ್ನ ಹಿಂದಿನ ಗಾಳಿ. ಈ ದಾರಿಯನ್ನು ಊಟ್ನೆಯಿಂದ ಒಡ್ಡಾ ಕಡೆಗೆ, ಮಧ್ಯಾಹ್ನದ ಮೇಲೆ ಹಿಡಿಯಬೇಕು ಅಂತ ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ರಸ್ತೆಯ ಎರಡೂ ಬದಿ ಸೇಬಿನ ತೋಟ. ಭೂಮಿಯ 60 ಡಿಗ್ರಿ ಉತ್ತರದಲ್ಲಿ ಸೇಬು! ಬೆಚ್ಚಗಿನ ಸಾಗರ ಪ್ರವಾಹ ಮುಟ್ಟುವ ಕರಾವಳಿ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಆಳವಾದ ನೀರು, ಗಾಳಿ ತಡೆಯುವ ಬೆಟ್ಟ, ಬೇಸಿಗೆಯ ಉದ್ದನೆಯ ಹಗಲು, ಎಲ್ಲ ಸೇರಿ ಇದು ಸಾಧ್ಯವಾಗಿದೆ. ಎದುರು ದಡದ ಲೋಫ್ಟ್‌ಹೂಸ್‌ನಲ್ಲಿ ಮಧ್ಯಯುಗದಲ್ಲೇ ಕ್ರೈಸ್ತ ಸನ್ಯಾಸಿಗಳು ಹಣ್ಣಿನ ಬೇಸಾಯ ಮಾಡುತ್ತಿದ್ದರಂತೆ. ಎಡಕ್ಕೆ ತೋಟದಾಚೆ ಹಸಿರು ನೀರು, ಬಲಕ್ಕೆ ಬೆಟ್ಟದ ತಲೆಯ ಮೇಲೆ ಫೋಲ್ಗೆಫೊನ್ನಾ ಹಿಮರಾಶಿ. ಹಣ್ಣು ತೂಗುವ ಕೊಂಬೆಗಳ ಪಕ್ಕದಲ್ಲೇ ತುಳಿಯುತ್ತಿದ್ದೆವು. ಕಾರಿನಲ್ಲಿ ಹೋದರೆ ಆ ವಾಸನೆ ಸಿಗುವುದಿಲ್ಲ.

ಆಗಾ ಎಂಬ ಹಳ್ಳಿಯಲ್ಲಿ ಹಳೆಯ ಮರದ ಮನೆಗಳ ಒಂದು ಗುಂಪನ್ನು ಹಾಗೇ ಉಳಿಸಿದ್ದಾರೆ. ಅವುಗಳಲ್ಲೊಂದು 13ನೇ ಶತಮಾನದ್ದು. ಅದಾದ ಮೇಲೆ ರಸ್ತೆ ಬದಿಯಲ್ಲಿ ಒಂದು ಸಣ್ಣ ಮರದ ಗೂಡು ಕಂಡಿತು. ಒಳಗೆ ಪ್ಲಮ್ ಹಣ್ಣಿನ ಬುಟ್ಟಿಗಳು, ಈಗಷ್ಟೇ ಕಿತ್ತ ಸೇಬು, ದುಡ್ಡು ಹಾಕಲು ಒಂದು ಡಬ್ಬಿ. ಕಾಯುವವರು ಯಾರೂ ಇಲ್ಲ. ದುಡ್ಡು ಹಾಕಿ ಹಣ್ಣು ತಿನ್ನುತ್ತಿದ್ದಾಗ ತೋಟದಿಂದ ಒಬ್ಬ ಹಿರಿಯ ಹೆಂಗಸು ಬಂದು ಮಾತಾಡಿಸಿದರು.

"ಎಲ್ಲಿಯವರು ನೀವು?"

ಇಂಡಿಯಾ, ಈಗ ಬರ್ಗನ್ ಅಂದೆವು. ಈ ರಸ್ತೆ ನಮಗೆ ತುಂಬಾ ಇಷ್ಟವಾಯಿತು ಅಂತ ಹುಡುಗ ಹೇಳಿದ. ಅವರು ನೀರಿನ ಕಡೆ ಕೈ ತೋರಿಸಿದರು. "ನಮ್ಮ ಅಜ್ಜಿಯ ಕಾಲಕ್ಕೆ ರಸ್ತೆ ಅಂದರೆ ಅದೇ. ಭಾನುವಾರ ಚರ್ಚಿಗೆ ಹೋಗಬೇಕಾದರೂ ದೋಣಿ ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಬೇಕಿತ್ತು." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ರಸ್ತೆ ಬಂದ ಮೇಲೆ ದೋಣಿಗಳು ಹೋದವು. ಈಗ ನಮ್ಮಲ್ಲಿ ಹುಟ್ಟು ಹಾಕಲು ಬರುವವರೇ ಕಡಿಮೆ."

ಮುಂದಿನ ಹತ್ತಾರು ಕಿಲೋಮೀಟರ್ ನನ್ನ ತಲೆಯಲ್ಲಿ ಅದೇ ಮಾತು. ಮೊದಲು ನೀರು ದಾರಿಯಾಗಿತ್ತು, ಆಮೇಲೆ ದಡ, ಈಗ ಬೆಟ್ಟದ ಹೊಟ್ಟೆ. ಸುರಂಗ ಬೇಡ ಅಂತ ನಾನು ಹೇಳಲ್ಲ. ಹಿಮ ಕುಸಿಯುವ, ಬಂಡೆ ಉರುಳುವ ಜಾಗದಲ್ಲಿ ಆಂಬುಲೆನ್ಸ್ ಸುಲಭವಾಗಿ ಓಡಾಡಬೇಕು. ಇಲ್ಲಿ ಬದುಕುವವರಿಗೆ ಅದು ಜೀವದ ಪ್ರಶ್ನೆ. ಆದರೆ ಸುರಂಗ ತೆರೆದ ಮೇಲೆ ಹೊರಗಿನ ರಸ್ತೆಯನ್ನು ಏನು ಮಾಡುತ್ತಾರೆ ಅನ್ನೋದು ಮುಖ್ಯ. ಕಲ್ಲು ಬೀಳದಂತೆ ಬಲೆ ಹಾಕಿ, ಚರಂಡಿ ಬಿಡಿಸಿ ನೋಡಿಕೊಂಡರೆ ಅದು ಸೈಕಲ್‌ನವರಿಗೂ ನಡೆಯುವವರಿಗೂ ಸಿಗುತ್ತದೆ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕಲ್ಲು ಬಿದ್ದು, ಗಿಡ ಬೆಳೆದು, ಅಡ್ಡ ಒಂದು ಗೇಟು ಬರುತ್ತದೆ.

ಇದೇ ಹಾರ್ಡಾಂಗರ್‌ನ ಮೋಬೊದಾಲೆನ್ ಕಣಿವೆಯನ್ನು ನೋಡಿ. ವೋರಿಂಗ್ಸ್‌ಫೊಸ್ಸೆನ್ ಜಲಪಾತಕ್ಕೆ ಹತ್ತುವ ಸುರಂಗಗಳಲ್ಲಿ ಸೈಕಲ್‌ಗೆ ಅವಕಾಶವಿಲ್ಲ. ಅದಕ್ಕೆ ಕಲ್ಲುಕಟ್ಟಿದ ಹಳೆಯ ರಸ್ತೆಯನ್ನೇ ಸೈಕಲ್ ದಾರಿ ಮಾಡಿಕೊಟ್ಟಿದ್ದಾರೆ. 2013ರಲ್ಲಿ ತೆರೆದ ಹಾರ್ಡಾಂಗರ್ ಸೇತುವೆಯ ಎರಡು ತುದಿಗೂ ಸುರಂಗವೇ ಇದೆ. ಅಲ್ಲೂ ಸೇತುವೆ ಮೇಲೆ ಸೈಕಲ್‌ಗೆ ಬೇರೆ ಪಟ್ಟಿ ಇಟ್ಟರು. ಅಂದರೆ ಮನಸ್ಸಿದ್ದರೆ ಆಗುತ್ತದೆ. ಇಲ್ಲಿಯ ಪ್ರತಿ ಹೊಸ ಸುರಂಗದ ಯೋಜನೆಯಲ್ಲೂ ಹಳೆಯ ರಸ್ತೆಯ ರಿಪೇರಿಗೆ ಒಂದು ಪಾಲು ದುಡ್ಡು ಇರಲೇಬೇಕು.

ಸಂಜೆಯಾಗುವ ಮೊದಲೇ ನಮ್ಮ ದಡಕ್ಕೆ ನೆರಳು ಬಿತ್ತು. ಸೂರ್ಯ ನಮ್ಮ ಬೆಟ್ಟದ ಹಿಂದೆ ಸರಿದಿದ್ದ. ಎದುರು ದಡ ಮಾತ್ರ ಇನ್ನೂ ಬಿಸಿಲಲ್ಲಿತ್ತು. ಜಾಕೆಟ್ ಹಾಕಿಕೊಂಡು ಕೊನೆಯ ಏರುಗಳನ್ನು ತುಳಿದೆವು.

ಒಡ್ಡಾ ಫಿಯೋರ್ಡ್‌ನ ತುದಿಯಲ್ಲಿರುವ ಕಾರ್ಖಾನೆಗಳ ಊರು. ಸುತ್ತಲಿನ ಜಲಪಾತಗಳಿಂದ ವಿದ್ಯುತ್ ತೆಗೆದು 1908ರಲ್ಲಿ ಶುರು ಮಾಡಿದ ಕಾರ್ಬೈಡ್ ಕಾರ್ಖಾನೆ 2003ರವರೆಗೆ ನಡೆಯಿತು. ಟ್ರೋಲ್‌ತುಂಗಾ ಬಂಡೆಗೆ ಚಾರಣ ಹೋಗುವವರಿಂದ ಊರು ತುಂಬಿತ್ತು. ಬಿಸಿ ಸೂಪು, ಬ್ರೆಡ್ಡು ತಿಂದು, ರೂಮಿನಲ್ಲಿ ಚೈನ್ ಒರೆಸಿ ಎಣ್ಣೆ ಬಿಟ್ಟೆವು.

ಮರುದಿನ ಯಾವ ದಾರಿ ಅಂತ ಸ್ವಲ್ಪ ಚರ್ಚೆಯಾಯಿತು. ಹುಡುಗನಿಗೆ ಎದುರು ದಡದಲ್ಲಿ ಹೋಗಿ ಲೋಫ್ಟ್‌ಹೂಸ್ ನೋಡುವ ಆಸೆ. ಅಲ್ಲಿ ಸಂಗೀತಗಾರ ಎಡ್ವರ್ಡ್ ಗ್ರೀಗ್ ಕೂತು ಸ್ವರ ಕಟ್ಟುತ್ತಿದ್ದ ಪುಟ್ಟ ಗುಡಿಸಲಿದೆ. ಆದರೆ ಭಾನುವಾರ ಆ ಹೆದ್ದಾರಿಯಲ್ಲಿ ಮನೆಗೆ ಮರಳುವವರ ಕಾರುಗಳ ಸಾಲೇ ಇರುತ್ತದೆ. ಪಶ್ಚಿಮ ದಡಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನದ ಎದುರುಗಾಳಿ ಏಳುವ ಮೊದಲೇ ಊಟ್ನೆ ತಲುಪಬಹುದು ಅಂದೆ. "ಹಾಗಾದ್ರೆ ಅದೇ ರೋಡ್ ಅಕ್ಕಾ, ಪ್ಲಮ್ ಇನ್ನೂ ಒಂದು ಬುಟ್ಟಿ ತಗೊಳ್ಳೋಣ" ಅಂದ. ಆರಕ್ಕೆ ಅಲಾರಂ ಇಟ್ಟೆವು.